ಬೆಚ್ಚನೆಯ ಗೋಡೆ

ಅಕ್ಟೋಬರ್ ೧೨

ನೊರೆರಾಯನಿಗೆ,

ನಿನ್ನ ಕಾಗದ ಬಂತು. ಈ ವಯಸ್ಸಿನಲ್ಲೂ ನೊರೆರಾಯ ಅನ್ನುತ್ತಾಳಲ್ಲ ಎಂದು ಮುಖ ಊದಿಸಬೇಡ. ಅಪ್ಪನ ಲಾಂಡ್ರಿಯ ತೊಟ್ಟಿಯಿಂದ ಸೋಪಿನ ನೊರೆಯನ್ನು ಹಾಲಿನ ಕೆನೆ ಎಂದು ಬಾಚಿ ತಿಂದವನು ನೀನು. ನಿನ್ನ ಬಾಯಿ ತೊಳೆಸಿ, ಇಡೀ ಮಧ್ಯಾಹ್ನ ನಿನ್ನ ಮುಖ ನೋಡುತ್ತಾ ಕಾದವಳು ನಾನು. ಇವತ್ತು ನಮ್ಮ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಏನನ್ನಾದರೂ ಕುಡಿದವರು, ನುಂಗಿದವರು ಯಾರು ಬಂದರೂ "ವಿಷದ ಡಾಕ್ಟರಮ್ಮನ್ನ ಕರೀರಿ" ಅನ್ನುತ್ತಾರೆ. ಆ ಬಿರುದಿಗೆ ಮೂಲಪುರುಷ ನೀನೇ.

ಅಮ್ಮನಿಗೆ ವಿಪರೀತ ಚಳಿ, ಪಾದ ಮುಟ್ಟಿದರೆ ಕಲ್ಲು ಮುಟ್ಟಿದ ಹಾಗಿದೆ ಎಂದು ಬರೆದಿದ್ದೀಯ. ಅದಕ್ಕೆ ಔಷಧಿ ಬೇಡ. ಕೆಳಗಿನ ಬಾಯ್ಲರಿನ ಹೊಗೆಕೊಳವೆ ಅವಳ ಕೋಣೆಯ ಗೋಡೆಯೊಳಗಿಂದಲೇ ಮೇಲೆ ಹೋಗುತ್ತದಲ್ಲ, ಚಿಕ್ಕವರಿದ್ದಾಗ ನಾವಿಬ್ಬರೂ ಬೆನ್ನು ಆನಿಸಿ ಕೂರುತ್ತಿದ್ದ ಗೋಡೆ, ಅವಳ ಮಂಚವನ್ನು ಅದಕ್ಕೆ ತಾಗಿಸಿ ಹಾಕು. ಕಿಟಕಿ ಸಂದಿಗಳಿಗೆಲ್ಲ ಹಳೆ ಬಟ್ಟೆ ತುರುಕು. ಲಾಂಡ್ರಿಯವರ ಮನೆಯಲ್ಲಿ ಬಟ್ಟೆಗೇನು ಬರ.

ಅಮ್ಮಾ, ಇದನ್ನು ಓದಿ ಹೇಳುವಾಗ ಇವನು ಏನಾದರೂ ಹಾರಿಸಿದರೆ ಕಿವಿ ಹಿಂಡು. ಫೋನಿನಲ್ಲಿ ನನ್ನ ಮಾತು ನಿನಗೆ ಕೇಳಿಸುವುದಿಲ್ಲ, ಕಾಗದವಾದರೆ ಎರಡು ಸಲ ಓದಿಸಿಕೊಳ್ಳಬಹುದು ಅನ್ನುತ್ತೀಯಲ್ಲ, ಅದಕ್ಕೇ ಬಿಡುವಿಲ್ಲದಿದ್ದರೂ ಬರೆಯುತ್ತೇನೆ. ನಿನ್ನ ಕಟ್ಟಪ್ಪಣೆಯೂ ನೆನಪಿದೆ: "ಕಾಗದದಲ್ಲಿ ಕೆಟ್ಟದ್ದು ಬರೀಬಾರದು. ಅದು ಬಂದು ತಲುಪೋ ಹೊತ್ತಿಗೆ ಆಗೋದೆಲ್ಲ ಆಗಿಹೋಗಿರುತ್ತೆ, ಕೇಳಿದೋರು ಮಾತ್ರ ಹೊಸದಾಗಿ ಅಳಬೇಕು." ಆದ್ದರಿಂದ ಒಂದು ಒಳ್ಳೆಯದು ಕೇಳು. ಅಜ್ಜನ ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಪೆಪ್ಪರಮಿಂಟು ಅಂದುಕೊಂಡು ತಿಂದ ಹುಡುಗಿಯೊಬ್ಬಳು ಬಂದಿದ್ದಳು. ಗ್ಲೂಕೋಸ್ ಕೊಡುತ್ತಾ ಎರಡು ದಿನ ಕಾವಲು ಕಾದೆವು. ಮನೆಗೆ ಹೋಗುವಾಗ "ಆ ಗುಲಾಬಿ ಬಣ್ಣದ್ದು ಇನ್ನೊಂದು ಕೊಡಿ" ಅಂದಳು.

ನಿನ್ನ ಅಕ್ಕ

—

ನವೆಂಬರ್ ೨

ಅಕ್ಕಾ,

ನಿನ್ನ ಅಪ್ಪಣೆಯಂತೆ ಮಂಚ ಸರಿಸಿದ್ದಾಯಿತು. ನಾನೂ ನನ್ನವಳೂ ಎಳೆಯುವಾಗ ಅಮ್ಮ ಮೇಲೆ ಕೂತೇ ಇದ್ದಳು. "ನಾನು ಇಳಿದರೆ ನೀವು ಎಲ್ಲಿಗೆ ಹಾಕ್ತೀರೋ ಯಾರಿಗೆ ಗೊತ್ತು" ಅಂದಳು. ಈಗ ಗೋಡೆಗೆ ಬೆನ್ನು ಕೊಟ್ಟು ಮಹಾರಾಣಿಯ ಹಾಗೆ ಇರುತ್ತಾಳೆ. ಪಾದ ಬೆಚ್ಚಗಿದೆಯಂತೆ. "ನನ್ನ ದೊಡ್ಡವಳು ಅಷ್ಟು ದೂರದಿಂದ ನನ್ನ ಕಾಲು ಬೆಚ್ಚಗೆ ಮಾಡಿದಳು, ನೀನು ಇಲ್ಲೇ ಇದ್ದು ಏನು ಕಡಿದು ಕಟ್ಟೆ ಹಾಕಿದೆ" ಎಂದು ನನ್ನನ್ನು ಕೇಳುತ್ತಾಳೆ.

ವ್ಯಾಪಾರ ಚೆನ್ನಾಗಿದೆ. ನಿಲ್ದಾಣದ ಎದುರಿನ ದೊಡ್ಡ ಲಾಡ್ಜಿನ ಬೆಡ್‌ಶೀಟುಗಳೆಲ್ಲ ನಮಗೇ ಬರುತ್ತಿವೆ. ಅದಕ್ಕೆ ಬಾಯ್ಲರಿನ ಬೆಂಕಿಯನ್ನು ಸಂಜೆ ಆರಿಸುತ್ತಿಲ್ಲ, ಕೆಂಡ ಮುಚ್ಚಿಟ್ಟು ಬೆಳಗ್ಗೆ ಕೆದಕುತ್ತೇನೆ. ಶನಿವಾರ ಮಾತ್ರ ಪೂರ್ತಿ ಆರಿಸುವುದು. ಕೆಂಡ ಕಾಯಬೇಕೆಂದು ನನ್ನ ಹಾಸಿಗೆಯನ್ನೂ ಕೆಳಕ್ಕೆ ತಂದಿದ್ದೇನೆ. ಬಾಗಿಲ ಸಂದಿಯಿಂದ ಬರುವ ಗಾಳಿಗೆ ಮೂಗು ಕೊರೆದು ಹೋಗುತ್ತದೆ. ಹೆಂಗಸರಿಬ್ಬರು ಮೇಲೆ ಬೆಚ್ಚಗಿದ್ದಾರೆ, ಗಂಡಸಿನ ಪಾಡು ಯಾರಿಗೆ ಬೇಕು.

ಅಮ್ಮನಿಗೆ ಬೆಳಗ್ಗೆ ಎದ್ದಾಗ ತಲೆ ಸ್ವಲ್ಪ ಭಾರ. ಇದನ್ನು ಬರೆಯಬೇಡ ಅಂದಳು. ಕಳಿಸುವ ಮುಂಚೆ ಈ ಕಾಗದವನ್ನು ಅವಳಿಗೆ ಓದಿ ಹೇಳುವಾಗ ಈ ಸಾಲು ಬಿಟ್ಟು ಓದುತ್ತೇನೆ, ನೀನು ಉತ್ತರದಲ್ಲಿ ನನ್ನನ್ನು ಸಿಕ್ಕಿಸಬೇಡ.

ನಿನ್ನ ತಮ್ಮ

—

ನವೆಂಬರ್ ೧೬

ನೊರೆರಾಯನಿಗೆ,

ಅಮ್ಮ ಕನ್ನಡಕ ಬದಲಾಯಿಸಿ ಎಷ್ಟು ವರ್ಷವಾಯಿತು? ಕರೆದುಕೊಂಡು ಹೋಗಿ ತೋರಿಸು. ಹಾಗೇ ಬಿ.ಪಿ. ನೋಡಿಸು. ಉಪ್ಪು ಕಡಿಮೆ ಮಾಡಿ. ಮಲಗುವ ಮುಂಚೆ ಚಹಾ ಬೇಡ. ಅಮ್ಮಾ, ಇದು ನಾನಾಗಿಯೇ ಹೇಳುತ್ತಿರುವುದು, ಚಳಿಗಾಲದಲ್ಲಿ ಎಲ್ಲ ವಯಸ್ಸಾದವರಿಗೂ ಹೇಳುತ್ತೇನೆ.

ಇಲ್ಲಿ ಬರೆಯುವಂಥದ್ದೇನೂ ಇಲ್ಲ. ಚಳಿ ಹೆಚ್ಚು, ಕೆಲಸ ಹೆಚ್ಚು. ದರ್ಜಿಯೊಬ್ಬನ ಮನೆಯವರು ಮೂವರು ಒಟ್ಟಿಗೆ ಬಂದಿದ್ದರು, ಉಪಚಾರ ಮಾಡಿ ಮನೆಗೆ ಕಳಿಸಿದೆವು. ನನಗೆ ಊಟ ರುಚಿಸುತ್ತಿಲ್ಲ, ಆಸ್ಪತ್ರೆ ಕ್ಯಾಂಟೀನಿನವರ ಕೈಗುಣ ಇರಬೇಕು.

ನಿನ್ನ ಅಕ್ಕ

—

ಡಿಸೆಂಬರ್ ೫

ಅಕ್ಕಾ,

ಹೊಸ ಕನ್ನಡಕ ಬಂತು. ಬಿ.ಪಿ. ಸರಿಯಾಗಿದೆಯಂತೆ. ಉಪ್ಪಿಲ್ಲದ ಊಟಕ್ಕೆ ಅಮ್ಮ ನಿನ್ನನ್ನೂ ನನ್ನನ್ನೂ ಸೇರಿಸಿ ಬೈಯುತ್ತಾಳೆ. ತಲೆನೋವು ಮಾತ್ರ ಹೋಗಿಲ್ಲ. ಮೊನ್ನೆ ಎರಡು ಸಲ ವಾಂತಿಯಾಯಿತು. ಹಗಲೆಲ್ಲ ತೂಕಡಿಸುತ್ತಾಳೆ. ಅಂಗಡಿ ಬೀಗದ ಕೈ ಕೇಳಿದರೆ ಸೋಪಿನ ಡಬ್ಬಿ ಕೊಟ್ಟಳು, ಆಮೇಲೆ ತಾನೇ ನಕ್ಕಳು.

ಆದರೆ ಒಂದು ತಮಾಷೆ ಕೇಳು. ಭಾನುವಾರ ಬಂದರೆ ಅಮ್ಮ ಹೂವಿನ ಹಾಗೆ ಅರಳುತ್ತಾಳೆ. ಬೆಡ್‌ಶೀಟುಗಳನ್ನು ಎಣಿಸಿ, ಒಬ್ಬಳೇ ನಿಂತು ಮಡಿಸಿ, ನನ್ನ ಮಡಿಕೆ ಸೊಟ್ಟ ಅನ್ನುತ್ತಾಳೆ. ಸೋಮವಾರ, ಮಂಗಳವಾರ ಬಂತೆಂದರೆ ಮತ್ತೆ ತಲೆ ಹಿಡಿದುಕೊಂಡು ಮಲಗುತ್ತಾಳೆ. ಶಾಲೆಗೆ ಹೋಗಲು ಹಟ ಮಾಡುವ ಮಗುವಿಗೆ ಸೋಮವಾರವೇ ಹೊಟ್ಟೆನೋವು ಬರುವುದಿಲ್ಲವೇ, ಹಾಗೆ. ಕೆಲಸಗಳ್ಳಿ ಎಂದು ರೇಗಿಸಿದೆ. ಅವಳು ನಗಲಿಲ್ಲ. "ನನಗೇನೋ ಆಗ್ತಿದೆ ಕಣೋ" ಅಂದಳು. ಈ ಮಾತು ನಿನಗೆ ಬರೆಯದೆ ಇರಲಾಗಲಿಲ್ಲ.

ಇನ್ನೊಂದು ವಿಷಯ ಇದೆ. ಒಳ್ಳೆಯದೇ. ಆದರೆ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಅನ್ನುತ್ತಾಳೆ ನನ್ನವಳು, ಆದ್ದರಿಂದ ನಾನು ಏನೂ ಹೇಳಿಲ್ಲ.

ನಿನ್ನ ತಮ್ಮ

—

ಡಿಸೆಂಬರ್ ೧೮

ಏ ನೊರೆರಾಯ,

ಏನೂ ಹೇಳಿಲ್ಲ ಎಂದು ಎಲ್ಲ ಹೇಳಿಬಿಟ್ಟೆಯಲ್ಲೋ. ಕಾಗದ ಹಿಡಿದುಕೊಂಡು ಡ್ಯೂಟಿ ಕೋಣೆಯಲ್ಲಿ ಒಬ್ಬಳೇ ನಕ್ಕೆ. ಮದುವೆಯಾಗಿ ಇಷ್ಟು ವರ್ಷ ಅವಳು ಎಷ್ಟು ನೊಂದಿದ್ದಾಳೆಂದು ನನಗೆ ಗೊತ್ತು. ಬೆಳಗ್ಗೆ ವಾಂತಿ ಇದೆಯೇ? ತಲೆ ಸುತ್ತುತ್ತದೆಯೇ? ಭಾರ ಎತ್ತಿಸಬೇಡ. ಒದ್ದೆ ಬೆಡ್‌ಶೀಟು ಎಂದರೆ ಅದೂ ಭಾರವೇ. ಅವಳನ್ನು ಕೆಳಗಿನ ಥಂಡಿಯಲ್ಲಿ ನಿಲ್ಲಿಸಬೇಡ, ಮೇಲೆ ಅಮ್ಮನ ಜೊತೆ ಬೆಚ್ಚಗೆ ಇರಲಿ.

ಅಮ್ಮನ ವಿಷಯಕ್ಕೆ ಬರುತ್ತೇನೆ. ಭಾನುವಾರ ನೀನು ಅಂಗಡಿ ಮುಚ್ಚಿ ಅವಳ ಪಕ್ಕ ಕೂರುತ್ತೀಯ, ಅದಕ್ಕೇ ಅವಳು ಸರಿಯಾಗುವುದು. ಉಳಿದ ದಿನ ಆ ಕೋಣೆಯಲ್ಲಿ ಒಬ್ಬಳೇ ಗೋಡೆ ನೋಡಿಕೊಂಡು ಮಲಗುತ್ತಾಳೆ. ಅಪ್ಪ ಹೋದಮೇಲೆ ಅವಳಿಗೆ ಯಾರಿದ್ದಾರೆ? ವಯಸ್ಸಾದವರ ಒಂಟಿತನ ಹೀಗೇ ತಲೆನೋವಾಗಿ, ವಾಂತಿಯಾಗಿ ಹೊರಗೆ ಬರುತ್ತದೆ. ವಾರದ ದಿನವೂ ಅರ್ಧ ಗಂಟೆ ಹೋಗಿ ಕೂತು ಮಾತಾಡು. ಅಮ್ಮಾ, ನಿನಗೇನೂ ಆಗಿಲ್ಲ. ಮೊಮ್ಮಗುವನ್ನು ಎತ್ತಿಕೊಳ್ಳಲು ತೋಳಿಗೆ ಬಲ ಬೇಕು, ಸರಿಯಾಗಿ ಊಟ ಮಾಡು.

ನಿನ್ನ ಅಕ್ಕ

—

ಡಿಸೆಂಬರ್ ೩೦

ಅಕ್ಕಾ,

ನಿನ್ನ ಹತ್ತಿರ ಏನನ್ನೂ ಮುಚ್ಚಿಡುವ ಹಾಗಿಲ್ಲ. ಹೌದು, ನನ್ನವಳಿಗೆ ಬೆಳಗ್ಗೆ ವಾಂತಿ, ತಲೆಸುತ್ತು. ಇನ್ನೂ ಡಾಕ್ಟರಿಗೆ ತೋರಿಸಿಲ್ಲ, ಮೂರು ತಿಂಗಳು ತುಂಬಲಿ ಅನ್ನುತ್ತಾಳೆ. ಲಾಡ್ಜಿನವರು ಬೇಡವೆಂದು ಬಿಟ್ಟ ಹರಿದ ಬೆಡ್‌ಶೀಟಿನಲ್ಲಿ ಪುಟ್ಟ ಪುಟ್ಟ ಬಟ್ಟೆ ಕತ್ತರಿಸಿ ಅಂಚು ಹೊಲಿಯುತ್ತಿದ್ದಾಳೆ. ಕುಲಾವಿಯ ಮಾತು ಹೇಳಿದವಳು ಅವಳೇ.

ತಲೆನೋವೂ ಇದೆ ಅವಳಿಗೆ. ಬಸಿರಿಯರಿಗೆ ತಲೆನೋವು ಇರುತ್ತದೆಯೇ? ಹಿಂದಿನ ವಾರ ನಾಲ್ಕು ದಿನ ತವರಿಗೆ ಹೋಗಿದ್ದಳು, ಅಲ್ಲಿ ಒಂದು ಸಲವೂ ವಾಂತಿ ಇಲ್ಲ, ನೋವೂ ಇಲ್ಲ. "ಮಗುವಿಗೆ ಅಜ್ಜಿ ಮನೆ ಇಷ್ಟ" ಎಂದು ಅವರಮ್ಮ ನಗುತ್ತಿದ್ದರಂತೆ. ಇಲ್ಲಿ ಬಂದ ಮಾರನೆಯ ದಿನವೇ ಮತ್ತೆ ಶುರು. ಭಾನುವಾರ ಪರವಾಗಿಲ್ಲ. ಅತ್ತೆ ಸೊಸೆ ಇಬ್ಬರೂ ಸೇರಿ ಭಾನುವಾರದ ಸಂಘ ಕಟ್ಟಿದ್ದಾರೆ.

ನೀನು ಹೇಳಿದ ಹಾಗೆ ಅವಳು ಈಗ ಕೆಳಗೆ ಇಳಿಯುವುದಿಲ್ಲ. ಅಮ್ಮನ ಕೋಣೆಯಲ್ಲೇ ಇನ್ನೊಂದು ಹಾಸಿಗೆ ಹಾಕಿದ್ದೇನೆ.

ನಿನ್ನ ತಮ್ಮ

—

ಜನವರಿ ೮

ತಮ್ಮಾ,

ನಿನ್ನ ಕಾಗದ ಓದಿ, ಈಗಷ್ಟೇ ನಿನ್ನ ಜೊತೆ ಫೋನಿನಲ್ಲಿ ಕೂಗಾಡಿ ಇಟ್ಟಿದ್ದೇನೆ. ನೀನು ರಿಸೀವರನ್ನು ಹಾಗೇ ಬಿಟ್ಟು ಓಡಿದೆ. ಗಾಜು ಒಡೆದ ಸದ್ದು ಕೇಳಿತು. ಆಮೇಲೆ ಯಾರೂ ಮಾತಾಡಲಿಲ್ಲ. ಮತ್ತೆ ಮತ್ತೆ ಮಾಡಿದರೂ ಲೈನು ಸಿಗುತ್ತಿಲ್ಲ. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ. ಇದು ನಿನ್ನ ಕೈ ಸೇರುವ ಹೊತ್ತಿಗೆ ಆಗುವುದೆಲ್ಲ ಆಗಿಹೋಗಿರುತ್ತದೆ.

ಇದನ್ನು ಅಮ್ಮನಿಗೆ ಓದಬೇಡ. ಆ ದರ್ಜಿಯ ಮನೆಯವರನ್ನು ಮನೆಗೆ ಕಳಿಸಿದೆವು ಎಂದು ಬರೆದಿದ್ದೆನಲ್ಲ. ಬಂದವರು ಮೂವರು, ಹೋದವರು ಇಬ್ಬರು. ಚಳಿಗೆಂದು ಇಸ್ತ್ರಿಯ ಇದ್ದಿಲನ್ನು ಬೋಗುಣಿಯಲ್ಲಿ ಹಾಕಿ, ಕಿಟಕಿ ಮುಚ್ಚಿ ಮಲಗಿದ್ದರು. ವಾರದಿಂದ ಮೂವರಿಗೂ ತಲೆನೋವು, ವಾಂತಿ, ಹೊರಗೆ ಬಂದರೆ ಆರಾಮ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಅದು ರಕ್ತಕ್ಕೆ ಸೇರಿ, ಉಸಿರಿನಲ್ಲಿ ಬಂದ ಒಳ್ಳೆಯ ಗಾಳಿಗೆ ಜಾಗ ಕೊಡುವುದಿಲ್ಲ. ಹೆಂಡತಿ ಉಳಿಯಲಿಲ್ಲ.

ತಲೆನೋವು ಎಂದು ಯಾರೇ ಬಂದರೂ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: "ಮನೇಲಿ ಇನ್ಯಾರಿಗಾದ್ರೂ ಹೀಗೆ ಆಗ್ತಿದೆಯಾ?" ಕಸ ಗುಡಿಸುವವರಿಗೂ ಬಾಯಿಪಾಠವಾಗುವಷ್ಟು ಸಲ ಕೇಳಿದ್ದೇನೆ. ನಿನ್ನನ್ನು ಮಾತ್ರ ಕೇಳಲಿಲ್ಲ. ನನ್ನ ಅಮ್ಮನ ತಲೆನೋವು ನನಗೆ ರೋಗಿಯ ತಲೆನೋವಾಗಿ ಕಾಣಲೇ ಇಲ್ಲ. ಕನ್ನಡಕ ಬದಲಾಯಿಸು ಅಂದೆ. ಶನಿವಾರ ನೀನು ಬೆಂಕಿ ಆರಿಸುವುದಕ್ಕೂ ಭಾನುವಾರ ಅವಳು ಅರಳುವುದಕ್ಕೂ ಗಂಟು ಹಾಕಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದೆ. ಆ ದರ್ಜಿಯ ಮನೆಯ ಕಥೆಯನ್ನು ಇದ್ದ ಹಾಗೆ ಬರೆದಿದ್ದರೆ ನೀನೇ ಹೇಳುತ್ತಿದ್ದೆ, "ಅಕ್ಕಾ, ನಮ್ಮನೇಲೂ ಹೀಗೇ" ಎಂದು.

ಫೋನು ಬಂತು. ಹೋಗುತ್ತೇನೆ.

—

ಜನವರಿ ೧೫

ಅಕ್ಕಾ,

ಅವತ್ತು ಫೋನಿನಲ್ಲಿ ಎರಡೇ ಮಾತು ಆಡಿದೆ. ಈಗ ಪೂರ್ತಿ ಬರೆಯುತ್ತೇನೆ.

"ಬೆಂಕಿ ಆಮೇಲೆ, ಮೊದಲು ಅವರಿಬ್ಬರನ್ನ ಹೊರಗೆ ಹಾಕು" ಎಂದು ನೀನು ಕೂಗಿದಾಗ ನಾನು ಬಾಯ್ಲರಿನ ಹತ್ತಿರವೇ ನಿಂತಿದ್ದೆ. ನನ್ನವಳು ಮೆಟ್ಟಿಲಿನ ಮೇಲೆ ಕೂತಿದ್ದಳು. ಇಳಿಯಬೇಕೆಂದು ಹೊರಟು ಕಾಲು ಬಾರದೆ ಕೂತುಬಿಟ್ಟಿದ್ದಳಂತೆ. ಅಮ್ಮ ಮಂಚದಲ್ಲಿ ಗೋಡೆಗೆ ಕೆನ್ನೆ ಇಟ್ಟು ಮಲಗಿದ್ದಳು. ಕರೆದೆ, ಅಲುಗಾಡಿಸಿದೆ, ಏಳಲಿಲ್ಲ. ಕಿಟಕಿಗೆ ನಾನೇ ತುರುಕಿದ ಬಟ್ಟೆ ಊದಿಕೊಂಡು ಅದರ ಬಾಗಿಲು ತೆರೆಯಲಿಲ್ಲ, ಕುರ್ಚಿಯಿಂದ ಗಾಜು ಒಡೆದೆ. ಅಮ್ಮನನ್ನು ಬೆಡ್‌ಶೀಟಿನಲ್ಲಿ ಸುತ್ತಿ ಹೆಗಲ ಮೇಲೆ ಹಾಕಿಕೊಂಡು ಬಂದೆ. ಎಷ್ಟು ಹಗುರ ಅಕ್ಕಾ ಅವಳು. ಒಂದು ಗಂಟು ಬಟ್ಟೆ ಇದಕ್ಕಿಂತ ಭಾರ ಇರುತ್ತದೆ.

ಆಸ್ಪತ್ರೆಯಲ್ಲಿ ಅವಳ ಬೆರಳಿಗೆ ಕ್ಲಿಪ್ಪು ಹಾಕಿದರು. ತೊಂಬತ್ತೆಂಟು ಎಂದು ತೋರಿಸಿತು. "ಆಕ್ಸಿಜನ್ ಚೆನ್ನಾಗೇ ಇದೆಯಲ್ಲ" ಅಂದರು ಡಾಕ್ಟರು. ಆಸ್ಪತ್ರೆಯಿಂದ ಫೋನು ಮಾಡಿದಾಗ ನೀನು ಹೇಳಿಕೊಟ್ಟಿದ್ದನ್ನೇ ಒಪ್ಪಿಸಿದೆ: "ಸಾರ್, ಆ ಕ್ಲಿಪ್ಪು ಇದರಲ್ಲಿ ಸುಳ್ಳು ಹೇಳುತ್ತಂತೆ, ರಕ್ತ ತೆಗೆದು ನೋಡಬೇಕಂತೆ, ನಮ್ಮಕ್ಕ ಡಾಕ್ಟರು." ಅವರು ನನ್ನ ಮುಖ ನೋಡಿದರು, ಕೋಪಿಸಿಕೊಳ್ಳಲಿಲ್ಲ. ಆಗಲೇ ಇಬ್ಬರಿಗೂ ಮೂತಿ ತುಂಬ ಮಾಸ್ಕು ಕಟ್ಟಿ ಪೂರ್ತಿ ಆಕ್ಸಿಜನ್ ಬಿಟ್ಟರು. ರಕ್ತದ ಫಲಿತಾಂಶ ಬಂದಮೇಲೆ ಅವರೇ ಬಂದು ನನ್ನ ಭುಜ ಮುಟ್ಟಿದರು.

ಅಮ್ಮ ಸಂಜೆಗೆ ಕಣ್ಣು ಬಿಟ್ಟಳು. ನಾಲ್ಕನೆಯ ದಿನ ಮನೆಗೆ ಬಂದಳು. ಕೊಳವೆಯ ಬಾಯಿಗೆ ಹಕ್ಕಿಗಳು ಗೂಡು ಕಟ್ಟಿದ್ದವು. ಹೊಗೆಗೆ ದಾರಿ ಇಲ್ಲದೆ, ಅಮ್ಮನ ದಿಂಬಿನ ಹಿಂದೆಯೇ ಗೋಡೆಯಲ್ಲಿದ್ದ ಬಿರುಕಿನಿಂದ ಬರುತ್ತಿತ್ತಂತೆ. ಹಳೆಯ ಕೊಳವೆ ಮುಚ್ಚಿಸಿ, ಹೊರಗಿನಿಂದ ಹೊಸದು ಹಾಕಿಸಿದೆ. ಅಮ್ಮ ಎರಡು ಹೊತ್ತು ಉಣ್ಣುತ್ತಾಳೆ, ನಾಲ್ಕು ಹೊತ್ತು ಬೈಯುತ್ತಾಳೆ. ಗೆದ್ದೆವು ಅಕ್ಕಾ.

ನನ್ನವಳೂ ಚೆನ್ನಾಗಿದ್ದಾಳೆ. ವಾಂತಿ ಇಲ್ಲ, ತಲೆಸುತ್ತಿಲ್ಲ. ಆಸ್ಪತ್ರೆಯಲ್ಲಿ ಎಲ್ಲ ಪರೀಕ್ಷೆ ಮಾಡಿದರು. ಮಗು ಇರಲಿಲ್ಲ. ಹೋಯಿತು ಎಂದಲ್ಲ, ಮೊದಲಿನಿಂದಲೂ ಇರಲಿಲ್ಲವಂತೆ. ಅಷ್ಟು ದಿನ ಅವಳು ಹೊಗೆಯನ್ನು ಮಗು ಅಂದುಕೊಂಡಿದ್ದಳು. ಹೊಲಿದ ಬಟ್ಟೆಗಳನ್ನು ಏನು ಮಾಡಿದಳೋ, ನಾನು ಕೇಳಿಲ್ಲ.

ನಿನ್ನ ತಮ್ಮ

—

ಜನವರಿ ೨೬

ತಮ್ಮಾ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ನಿನ್ನವಳಿಗೆ ಏನು ಬರೆಯಬೇಕೆಂದು ಗೊತ್ತಾಗುತ್ತಿಲ್ಲ. ನಾನು ನಕ್ಕಿದ್ದೆ ಎಂದು ಬರೆದ ಆ ಕಾಗದ ಸಿಕ್ಕರೆ ಹರಿದು ಹಾಕು.

ಅಮ್ಮಾ, ನೀನು ಬೈಯುತ್ತಿದ್ದೀಯ ಎಂದು ಕೇಳಿ ಹೊಟ್ಟೆ ತುಂಬಿತು. ಚೆನ್ನಾಗಿ ಬೈ. ಮಾರ್ಚಿನಲ್ಲಿ ರಜೆ ಹಾಕಿ ಬರುತ್ತೇನೆ, ನನಗೂ ಸ್ವಲ್ಪ ಉಳಿಸು.

ತಮ್ಮಾ, ಇನ್ನೊಂದು ತಿಂಗಳು, ಒಂದೂವರೆ ತಿಂಗಳು ಅಮ್ಮನನ್ನು ಒಂಟಿಯಾಗಿ ಬಿಡಬೇಡ. ಗ್ಯಾಸ್ ಹೊತ್ತಿಸಲು ಬಿಡಬೇಡ, ಮೆಟ್ಟಿಲು ಇಳಿಯುವಾಗ ಜೊತೆಯಲ್ಲಿರು. ಮಾತಿನಲ್ಲಿ, ನಡಿಗೆಯಲ್ಲಿ ಏನಾದರೂ ಬೇರೆ ಅನ್ನಿಸಿದರೆ ತಕ್ಷಣ ಡಾಕ್ಟರಿಗೆ ತೋರಿಸು. ಯಾಕೆ ಎಂದು ಕೇಳಬೇಡ. ಸುಮ್ಮನೆ, ನನ್ನ ಸಮಾಧಾನಕ್ಕೆ.

ನಿನ್ನ ಅಕ್ಕ

—

ಫೆಬ್ರವರಿ ೧೭

ಅಕ್ಕಾ,

ನಿನ್ನ ಸಮಾಧಾನಕ್ಕೆ ಎಂದು ನೀನು ಬರೆದಿದ್ದೆ. ಅಕ್ಕನ ಅತಿ ಕಾಳಜಿ ಎಂದು ನಾವು ಮೂವರೂ ನಕ್ಕಿದ್ದೆವು. ಅಮ್ಮನೇ ಎಲ್ಲರಿಗಿಂತ ಜಾಸ್ತಿ ನಕ್ಕಳು.

ಹೋದ ವಾರ ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದಳು. ಎರಡು ದಿನ ಬಿಟ್ಟು "ನಿಮ್ಮಪ್ಪ ಇನ್ನೂ ಊಟಕ್ಕೆ ಬಂದಿಲ್ಲ, ಕರಿ" ಅಂದಳು. ನಿನ್ನೆ ಒಂದು ಬೆಡ್‌ಶೀಟು ಕೈಗೆ ಕೊಟ್ಟೆ. ಎರಡು ಮೂಲೆ ಗಲ್ಲಕ್ಕೆ ಒತ್ತಿಕೊಂಡು ಕಣ್ಣುಮುಚ್ಚಿ ಮಡಿಸುತ್ತಿದ್ದವಳು ಅವಳು. ಒಂದು ಮೂಲೆ ಹಿಡಿದುಕೊಂಡು ನಿಂತೇ ಇದ್ದಳು. "ಇದನ್ನೇನು ಮಾಡೋದು?" ಎಂದು ಕೇಳಿದಳು. ಸೀರೆ ಒದ್ದೆಯಾಗಿದ್ದೂ ಅವಳಿಗೆ ತಿಳಿದಿರಲಿಲ್ಲ. ನನ್ನವಳು ಒಳಗೆ ಹೋಗಿ ಬಟ್ಟೆ ತಂದಳು. ಆ ಪುಟ್ಟ ಬಟ್ಟೆಗಳು, ಅಂಚು ಹೊಲಿದವು. ಅವುಗಳಲ್ಲೇ ಅಮ್ಮನ ಕಾಲು ಒರೆಸಿದಳು.

ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹೊಗೆ ಕುಡಿದು ಚೇತರಿಸಿಕೊಂಡ ಕೆಲವರಿಗೆ ಕೆಲವು ವಾರದ ಮೇಲೆ ಮಿದುಳು ಹೀಗೆ ಕೈಕೊಡುವುದುಂಟು ಅಂದರು ಅದೇ ಡಾಕ್ಟರು. "ನಿಮ್ಮ ಅಕ್ಕ ಹೇಳಿರಬೇಕಲ್ಲ" ಅಂದರು.

ನಿನಗೆ ಗೊತ್ತಿತ್ತೇ?

—

ಫೆಬ್ರವರಿ ೨೬

ತಮ್ಮಾ,

ಗೊತ್ತಿತ್ತು.

ಎಲ್ಲರಿಗೂ ಆಗುವುದಿಲ್ಲ, ಕೆಲವರಿಗೆ ಆಗುತ್ತದೆ, ವಯಸ್ಸಾದವರಿಗೆ ಹೆಚ್ಚು. ಮೊದಲೇ ಹೇಳಿದ್ದರೂ ತಡೆಯುವ ಔಷಧಿ ಇರಲಿಲ್ಲ. ಇದು ನಿಜ, ಆದರೆ ನಾನು ಬರೆಯದೆ ಇದ್ದದ್ದು ಅದಕ್ಕಲ್ಲ. ಅಮ್ಮ ಎದುರಿಗೆ ಕೂತು ಕೇಳುತ್ತಿರುತ್ತಾಳೆ, ನೀನು ಓದುತ್ತಿರುತ್ತೀಯ, ಆ ಸಾಲು ಬಂದಾಗ ನಿನ್ನ ದನಿ ನಿಂತುಹೋಗುತ್ತದೆ ಅನ್ನಿಸಿತು. ಅವಳ ಅಪ್ಪಣೆಯ ಹಿಂದೆ ಮತ್ತೊಮ್ಮೆ ಅಡಗಿಕೊಂಡೆ. ಒಂದು ಸಲ ಪೆಟ್ಟು ತಿಂದಮೇಲೂ.

ಕೆಲವರು ತಿಂಗಳುಗಳ ಮೇಲೆ ಸುಧಾರಿಸುತ್ತಾರೆ, ವರ್ಷ ಹಿಡಿಯಬಹುದು. ಕೆಲವರು ಇಲ್ಲ. ಅಮ್ಮ ಯಾರ ಸಾಲಿಗೆ ಸೇರುತ್ತಾಳೆಂದು ನನಗೆ ಗೊತ್ತಿಲ್ಲ, ಗೊತ್ತಿದೆ ಎಂದು ಸುಳ್ಳು ಹೇಳುವುದಿಲ್ಲ. ಟಿಕೆಟ್ಟು ತೆಗೆಸಿದ್ದೇನೆ, ಹತ್ತನೆಯ ತಾರೀಕು ಹೊರಡುತ್ತೇನೆ.

ಗೂಡು ಕಟ್ಟಿದ್ದು ಹಕ್ಕಿಗಳು, ಕೆಂಡ ಮುಚ್ಚಿಟ್ಟಿದ್ದು ನೀನು. ಆದರೆ ಮಂಚವನ್ನು ಆ ಗೋಡೆಗೆ ಹಾಕು, ಕಿಟಕಿ ಮುಚ್ಚು ಎಂದು ಬರೆದವಳು ನಾನು. ನಿನ್ನವಳನ್ನು ಆ ಕೋಣೆಯಲ್ಲಿ ಕೂರಿಸಿದವಳೂ ನಾನೇ. ಊರವರ ವಿಷವನ್ನೆಲ್ಲ ಹುಡುಕಿ ತೆಗೆಯುವ ನಾನು ನನ್ನ ಅಮ್ಮನ ಕಾಲು ಬೆಚ್ಚಗೆ ಮಾಡಲು ಹೋಗಿ ಅವಳ ತಲೆಯನ್ನು ಕತ್ತಲು ಮಾಡಿದೆ. ಇದನ್ನು ಅವಳಿಗೆ ಓದಿ ಹೇಳು. ಒಂದು ಸಾಲೂ ಹಾರಿಸಬೇಡ.

ನಿನ್ನ ಅಕ್ಕ

—

ಮಾರ್ಚ್ ೭

ಅಕ್ಕಾ,

ಇದು ತಲುಪುವ ಹೊತ್ತಿಗೆ ನೀನು ಹೊರಟಿರುತ್ತೀಯೋ ಏನೋ. ಆದರೂ ಬರೆಯುತ್ತೇನೆ, ಬರಿ ಅಂದವಳು ಅಮ್ಮ.

ನಿನ್ನ ಮೇಲಿನ ಕೋಪ ಇನ್ನೂ ಪೂರ್ತಿ ಹೋಗಿಲ್ಲ, ಬಂದಮೇಲೆ ಜಗಳ ಆಡೋಣ. ನಿನ್ನ ಕಾಗದವನ್ನು ಊಟದ ಮೇಲೆ ಎಂದಿನ ಹಾಗೆ ಅಮ್ಮನ ಎದುರು ಕೂತು ಓದಿದೆ. ನೀನು ಹೇಳಿದಂತೆ ಒಂದು ಸಾಲೂ ಬಿಡಲಿಲ್ಲ. ನನ್ನವಳು ಎದ್ದು ಒಳಗೆ ಹೋದಳು. ಅಮ್ಮ ಮಾತ್ರ ಕೈಕಟ್ಟಿಕೊಂಡು, ಕತ್ತು ಮುಂದೆ ಚಾಚಿ, ಮೊದಲಿನ ಹಾಗೇ ಕೇಳಿದಳು. ಮಂಚದ ಮಾತು ಬಂದಾಗ ಕಣ್ಣಲ್ಲಿ ನೀರು ಬಂತು. ನನಗೆ ಆಸೆಯಾಯಿತು ಅಕ್ಕಾ. ಓದುವುದನ್ನು ನಿಲ್ಲಿಸಿ "ಅಮ್ಮಾ, ಯಾರ ಕಾಗದ ಗೊತ್ತಾಯ್ತಾ?" ಎಂದು ಕೇಳಿದೆ.

"ಪಾಪ, ಯಾರ ಮನೆ ಹುಡುಗಿಯೋ" ಅಂದಳು. ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ನನ್ನ ಕೈ ಹಿಡಿದುಕೊಂಡು ಹೇಳಿದಳು:

"ಅವಳಿಗೆ ಬರಿ. ಕಾಗದದಲ್ಲಿ ಹೀಗೆಲ್ಲ ಬರೀಬಾರದು ಅಂತ. ಅವರಮ್ಮ ಓದಿಸಿಕೊಂಡರೆ ಅಳ್ತಾಳೆ."

ಬರೀತೀನಿ ಅಂದೆ.

ನಿನ್ನ ತಮ್ಮ